ವಾತಾವರಣ ಮೇಡಂ

ಮೆಡಿಕಲ್ ಕಾಲೇಜಿನ ಎರಡನೆಯ ಮಹಡಿಯಲ್ಲಿ, ಫಿಸಿಯಾಲಜಿ ವಿಭಾಗದ ಕೊನೆಯ ಕೋಣೆಯಲ್ಲಿ ಕೂರುವ ಆಕೆಯನ್ನು ಹೆಸರು ಹೇಳಿ ವಿಚಾರಿಸಿದರೆ ಗೇಟಿನವನು ತಲೆ ಕೆರೆದುಕೊಳ್ಳುತ್ತಾನೆ. ‘ವಾತಾವರಣ ಮೇಡಂ’ ಅಂದರೆ ಸಾಕು, ಮೆಟ್ಟಿಲು ಹತ್ತಿ ಎಡಕ್ಕೆ ಎಂದು ಕೈ ತೋರಿಸುತ್ತಾನೆ. ಈ ಅಡ್ಡಹೆಸರು ಅಂಟಿಕೊಂಡ ಹೊಸದರಲ್ಲಿ ಆಕೆಗೆ ಅಳು ಬಂದಿತ್ತು. ಈಗ ಯಾರಾದರೂ ಬೆನ್ನ ಹಿಂದೆ ಹಾಗಂದು ಕಿಸಕ್ಕನೆ ನಕ್ಕರೆ, “ಇವತ್ತು ಸಂಜೆ ಮೋಡ ಇದೆ, ಛತ್ರಿ ತಗೊಂಡು ಹೋಗಿ” ಎಂದು ತಾವೇ ಒಂದು ಮಾತು ಎಸೆದು ಮುಂದೆ ಹೋಗುತ್ತಾರೆ.

ಆ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಒಂದು ಅಳತೆ ನಡೆಯುತ್ತದೆ. ಮಕ್ಕಳನ್ನು ಅಳೆಯುವುದಲ್ಲ, ಕಾಲೇಜನ್ನೇ ಮಕ್ಕಳ ಕೈಯಲ್ಲಿ ಅಳೆಸುವುದು. ಇಲ್ಲಿ ಕಲಿಯುವುದಕ್ಕೆ ಹುಮ್ಮಸ್ಸು ಬರುತ್ತದೋ ಹೆದರಿಕೆ ಬರುತ್ತದೋ, ಕಲಿಸುವವರು ಹೇಗೆ ನಡೆದುಕೊಳ್ಳುತ್ತಾರೆ, ತಪ್ಪು ಮಾಡಿದಾಗ ಏನಾಗುತ್ತದೆ, ಇಂಥ ವಾಕ್ಯಗಳ ಮುಂದೆ ಐದು ಚೌಕಗಳಿರುತ್ತವೆ. ಒಂದು ತುದಿಯಲ್ಲಿ ‘ಪೂರ್ತಿ ಒಪ್ಪುತ್ತೇನೆ’, ಇನ್ನೊಂದು ತುದಿಯಲ್ಲಿ ‘ಸ್ವಲ್ಪವೂ ಒಪ್ಪುವುದಿಲ್ಲ’. ಹೆಸರು ಬರೆಯುವಂತಿಲ್ಲ, ಗುರುತು ಹಾಕಿದರಾಯಿತು.

ಈ ಅಳತೆಯ ಕೆಲಸ ಯಾವ ವಿಭಾಗಕ್ಕೂ ಬೇಕಿರಲಿಲ್ಲ. ಫ್ರಿಜ್‌ನ ಹಿಂಬದಿ ಒರೆಸುವುದು, ಹಳೆಯ ದಿಂಬುಗಳನ್ನು ಬಿಸಿಲಿಗೆ ಹಾಕುವುದು, ನೆಂಟರ ಮಕ್ಕಳ ಹುಟ್ಟಿದ ದಿನ ನೆನಪಿಟ್ಟುಕೊಳ್ಳುವುದು ಇವೆಲ್ಲ ಮನೆಯಲ್ಲಿ ಯಾರೂ ಹೇಳದೆಯೇ ಒಬ್ಬರ ಪಾಲಿಗೆ ಬಂದು ಕೂರುತ್ತವಲ್ಲ, ಹಾಗೆಯೇ ಇದೂ ಮೇಡಂ ಮೇಜಿನ ಮೇಲೆ ಬಂದು ಕೂತಿತ್ತು. “ನಿಮ್ಮ ಕೈಬರಹ ಚೆನ್ನಾಗಿದೆ” ಎಂದಿದ್ದರು ಆಗಿನ ಪ್ರಿನ್ಸಿಪಾಲರು. ಅಳತೆಗೂ ಕೈಬರಹಕ್ಕೂ ಏನು ಸಂಬಂಧ ಎಂದು ಕೇಳಲು ಮೇಡಂಗೆ ಆಗ ತೋಚಲಿಲ್ಲ.

ವರ್ಷ ವರ್ಷವೂ ಇಂಗ್ಲಿಷಿನ ಅದೇ ಪ್ರಶ್ನೆಪತ್ರಿಕೆ ಹಂಚುತ್ತಿದ್ದರು. ವರ್ಷ ವರ್ಷವೂ ಅದೇ ಉತ್ತರ: ಸಾಧಾರಣ. ಒಂದು ಸಲ ಹಾಲ್‌ನ ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತಿದ್ದಾಗ ಅವರಿಗೆ ಕಾರಣ ಕಣ್ಣಿಗೆ ಬಿತ್ತು. ಕನ್ನಡಕದ ಒಬ್ಬ ಹುಡುಗಿ, ಮೊದಲ ವರ್ಷದವಳು, ನಡುವಿನ ಚೌಕಗಳ ಮೇಲೆ ಮೇಲಿಂದ ಕೆಳಗೆ ಪೆನ್ನು ಎಳೆದುಕೊಂಡು ಬರುತ್ತಿದ್ದಳು, ಜಾಕೀಟಿನ ಜಿಪ್ ಎಳೆದ ಹಾಗೆ.

“ಓದಿದೆಯೇನಮ್ಮಾ?”

ಹುಡುಗಿ ಬೆಚ್ಚಿಬಿದ್ದಳು. “ಓದಿದೆ ಮೇಡಂ.”

“ಏನಿದೆ ಅದರಲ್ಲಿ?”

“ಅದು... ಎಲ್ಲಾ ಚೆನ್ನಾಗಿದೆಯಾ ಅಂತ.” ಆಮೇಲೆ ಮೆಲ್ಲಗೆ, “ಬಸ್ಸಿಗೆ ಹೊತ್ತಾಯ್ತು ಮೇಡಂ. ನಡುಗಡೆ ಹಾಕಿದ್ರೆ ಯಾರಿಗೂ ಬೇಜಾರಾಗಲ್ಲ.”

ಯಾರಿಗೂ ಬೇಜಾರಾಗದ ಹಾಗೆ ನಡುವಿನಲ್ಲಿ ಗೆರೆ ಎಳೆಯುವುದು! ಮೇಡಂಗೆ ಆ ಮಾತು ಎಲ್ಲೋ ಚುಚ್ಚಿತು. ಆ ವಾರವೇ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಈ ಪತ್ರಿಕೆಯನ್ನು ಮನೆಮಾತಿನಲ್ಲಿ ಮಾಡಿಕೊಡುತ್ತೇನೆ, ಒಂದು ಅವಕಾಶ ಕೊಡಿ ಎಂದರು. ಇಷ್ಟು ವರ್ಷ ಆಕೆ ಬೇರೆಯವರು ಬರೆದ ಪಾಠವನ್ನೇ ಹೇಳಿಕೊಟ್ಟವರು. ಇದು ನಾನು ಮಾಡಿದ್ದು ಎಂದು ಬೆರಳಿಟ್ಟು ತೋರಿಸುವಂಥ ಒಂದು ಕೆಲಸವೂ ಆ ಕಟ್ಟಡದಲ್ಲಿ ಇರಲಿಲ್ಲ. ಆಸೆ ಹುಟ್ಟಿದ್ದು ಅಲ್ಲಿಂದ.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಕೆಲಸ ಹೆಚ್ಚಾಗುವುದೆಂದರೆ ಮಾತ್ರ ಅವರಿಗೆ ಆಗದು. “ಮಾಡಿ ನೋಡಿ. ಸರಿ ಬರದಿದ್ರೆ ಹಳೇದೇ ಇರಲಿ. ಆಮೇಲೆ ಮತ್ತೆ ಈ ಮಾತು ಎತ್ತಬಾರದು.”

ಮೇಡಂ ನಿಘಂಟು ಹರವಿಕೊಂಡು ಕೂತರು. ಕೂತದ್ದು ಊಟದ ಮೇಜಿನ ಮುಂದೆ, ಮೇಜು ಖಾಲಿಯಾದ ಮೇಲೆ. ಖಾಲಿ ಮಾಡುವವರೂ ಅವರೇ ಆದ್ದರಿಂದ ಸ್ವಲ್ಪ ತಡವಾಗುತ್ತಿತ್ತು. ಎಲ್ಲ ವಾಕ್ಯಗಳಿಗೂ ಬೆನ್ನೆಲುಬಾಗಿದ್ದ ‘ಎನ್ವಿರಾನ್‌ಮೆಂಟ್’ ಎಂಬ ಇಂಗ್ಲಿಷ್ ಶಬ್ದಕ್ಕೆ ನಿಘಂಟು ಕೊಟ್ಟದ್ದು ‘ವಾತಾವರಣ’. ಕಲಿಕೆಯ ವಾತಾವರಣ. ಎಷ್ಟು ಗಂಭೀರವಾಗಿದೆ ಎಂದು ಅವರಿಗೇ ಖುಷಿಯಾಯಿತು.

ಹಾಲ್‌ನಲ್ಲಿ ಪತ್ರಿಕೆ ಹಂಚಿದ್ದು ಬಿರುಬಿಸಿಲಿನ ಮಧ್ಯಾಹ್ನ. ಫ್ಯಾನುಗಳಲ್ಲಿ ಅರ್ಧ ತಿರುಗುತ್ತಿರಲಿಲ್ಲ, ಉಳಿದರ್ಧ ತಿರುಗುತ್ತ ನರಳುತ್ತಿದ್ದವು. ‘ಇಲ್ಲಿಯ ವಾತಾವರಣ ಕಲಿಕೆಗೆ ಅನುಕೂಲಕರವಾಗಿದೆ’ ಎಂಬ ವಾಕ್ಯದ ಮುಂದೆ ಮಕ್ಕಳು ಈ ಸಲ ಮನಸ್ಸಿಟ್ಟು ಗುರುತು ಹಾಕಿದರು. ಕೆಳಗೆ ಅಭಿಪ್ರಾಯ ಬರೆಯಲು ಬಿಟ್ಟಿದ್ದ ಜಾಗದಲ್ಲಿ ಬರೆದದ್ದೇ ಬರೆದದ್ದು.

‘ಸೆಕೆ. ತಡೆಯೋಕಾಗಲ್ಲ.’

‘ಬೆಳಗಿನ ವಾತಾವರಣ ಪರವಾಗಿಲ್ಲ. ಮಧ್ಯಾಹ್ನದ ಮೇಲೆ ಬೆವರು.’

‘ಸರ್ ಫ್ಯಾನ್ ಹಾಕೋಕೆ ಬಿಡಲ್ಲ. ಕಾಗದ ಹಾರುತ್ತೆ ಅಂತಾರೆ.’

‘ಅನಾಟಮಿ ಕಟ್ಟಡದ ವಾತಾವರಣ ಅತ್ಯುತ್ತಮ. ಆದರೆ ಎಸಿ ಇರುವುದು ಹೆಣಗಳ ಕೋಣೆಯಲ್ಲಿ ಮಾತ್ರ. ನಮಗೂ ಅದೇ ಮರ್ಯಾದೆ ಬೇಕಾದರೆ ಸಾಯಬೇಕೆ?’

ವಿಭಾಗಗಳ ಮುಖ್ಯಸ್ಥರ ಸಭೆಯಲ್ಲಿ ಇದನ್ನು ಓದುವಾಗ ಮೇಡಂ ಕಿವಿ ಕಾದು ಕೆಂಪಾಗಿತ್ತು. ಸರ್ಜರಿ ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ‘ಸರ್ಜರಿ ಸಾಹೇಬರು’, ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೇಡಂ, ಹವಾಮಾನ ಇಲಾಖೆಗೆ ವರ್ಗ ಆಗಿದೀರೇನು? ನಾಳೆ ಬಟ್ಟೆ ಒಣಗುತ್ತಾ ಹೇಳಿ, ನಮ್ಮನೇಲಿ ಕೇಳ್ತಿದ್ರು.”

ಅಲ್ಲಿಂದಲೇ ಹೆಸರು ಹಬ್ಬಿದ್ದು. ಸಂಜೆಯ ಹೊತ್ತಿಗೆ ಕ್ಯಾಂಟೀನಿನವನ ಬಾಯಿಗೂ ಬಂದಿತ್ತು.

ಆದರೆ ಒಂದು ತಮಾಷೆ ನಡೆಯಿತು. ಮಕ್ಕಳ ಹೆದರಿಕೆ, ಸಂಕಟಗಳ ಬಗ್ಗೆ ಏನೂ ಮಾಡಲು ತೋಚದಿದ್ದರೂ ಫ್ಯಾನಿನ ಬಗ್ಗೆ ಏನು ಮಾಡಬೇಕೆಂದು ಪ್ರಿನ್ಸಿಪಾಲರಿಗೆ ಗೊತ್ತಿತ್ತು. ಹಾಲ್‌ಗೆ ಹೊಸ ಫ್ಯಾನುಗಳು ಬಂದವು. ಅವು ಮೊದಲ ಸಲ ತಿರುಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಅಭ್ಯಾಸವಿಲ್ಲದ ಪ್ರಿನ್ಸಿಪಾಲರು ಮೆತ್ತಗಾದರು. “ಇನ್ನೊಂದೇ ಸಲ ಮೇಡಂ. ಮುಂದಿನ ಸಭೆಯ ಒಳಗೆ. ಈ ಸಲವೂ ಮಳೆ ಬಿಸಿಲು ಅಂತ ಬಂದ್ರೆ ಮುಗೀತು.”

ಅಂದು ಮೇಡಂ ಮನೆಗೆ ಬಂದಾಗ ಅವರ ಮುಖ ಬಾಡಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಗಮನಿಸುವ ಕೆಲಸವೂ ಆ ಮನೆಯಲ್ಲಿ ಅವರದೇ ಆಗಿತ್ತು. ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಬಿಡಿಸುತ್ತ ಕೂತಿದ್ದರು. ಗಂಡ ಹೊರಗೆ ಟಿವಿಯಲ್ಲಿ ಸುದ್ದಿ ನೋಡುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಒಳಗೆ ಬಂದು ದನಿ ತಗ್ಗಿಸಿ ಕೇಳಿದಳು:

“ಅಮ್ಮಾ, ಅಪ್ಪನ ಮುಖ ಹೇಗಿದೆ?”

“ಯಾಕೆ?”

“ಕ್ಲಾಸಿನವರೆಲ್ಲ ಪ್ರವಾಸ ಹೋಗ್ತಿದಾರೆ. ಈಗ ಕೇಳ್ಲಾ, ಊಟ ಆದ್ಮೇಲೆ ಕೇಳ್ಲಾ?”

“ಈಗ ಬೇಡ. ಸುದ್ದಿ ಮುಗೀಲಿ. ಈ ಹೊತ್ತಲ್ಲಿ ಕೇಳಿ ಮನೆ ವಾತಾವರಣ ಕೆಡಿಸಬೇಡ.”

ಆಡಿದ ಮಾತು ಅವರ ಕಿವಿಗೇ ತಿರುಗಿ ಬಿತ್ತು. ಸೌಟು ಹಿಡಿದ ಕೈ ಅಲ್ಲೇ ನಿಂತಿತು.

ಮನೆ ವಾತಾವರಣ. ಮದುವೆಯಾಗಿ ಬಂದಾಗಿನಿಂದ ಆ ಮಾತನ್ನು ಎಷ್ಟು ಸಲ ಕೇಳಿಲ್ಲ! ‘ಮನೆ ವಾತಾವರಣ ಕೆಡಿಸಬೇಡ’ ಎಂದು ಯಾರೂ ಗಂಡಸರಿಗೆ ಹೇಳಿದ್ದನ್ನು ಅವರು ಕೇಳಿರಲಿಲ್ಲ. ಕೆಡಿಸುವವಳೂ ಹೆಂಗಸೇ, ಕೆಡದ ಹಾಗೆ ಕಾಯುವವಳೂ ಹೆಂಗಸೇ. ಅದಕ್ಕಾಗಿ ಅವಳು ಫ್ಯಾನು ನೋಡುವುದಿಲ್ಲ, ಮೋಡ ನೋಡುವುದಿಲ್ಲ. ಮುಖ ನೋಡುತ್ತಾಳೆ.

“ಅತ್ತೆ,” ಅಂದರು ಮೇಡಂ, “ಒಂದು ಮನೆ ಹೇಗಿದೆ ಅಂತ ತಿಳ್ಕೊಳ್ಳೋಕೆ ನೀವಾದ್ರೆ ಏನು ಕೇಳ್ತೀರ?”

“ಯಾರ ಮನೆ? ಮೊಮ್ಮಗಳಿಗೆ ಗಂಡು ಬಂದಿದೆಯಾ?”

“ಅಜ್ಜೀ!” ಮಗಳು ಕಿರುಚಿದಳು.

“ಇಲ್ಲ ಅತ್ತೆ, ಸುಮ್ನೆ ಕೇಳಿದೆ.”

ಅತ್ತೆ ಬಟಾಣಿಯೊಂದನ್ನು ಬಾಯಿಗೆ ಹಾಕಿಕೊಂಡು ಯೋಚಿಸಿದರು. “ನಿಮ್ಮ ಮಾವ ಬಾಗಿಲಲ್ಲಿ ಚಪ್ಪಲಿ ಬಿಡೋ ಸದ್ದಿನಲ್ಲೇ ನನಗೆ ಗೊತ್ತಾಗ್ತಿತ್ತು, ಇವತ್ತು ಮಾತಾಡಬಹುದೋ ಇಲ್ವೋ ಅಂತ. ಎರಡೂ ಒಟ್ಟಿಗೆ ಬಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ.” ನಕ್ಕರು. “ಇನ್ನೊಂದು ಕೇಳು. ಎಲ್ಲರೂ ಉಂಡ ಮೇಲೆ ತಟ್ಟೆ ಎತ್ತೋದು ಯಾರು ಅಂತ ಕೇಳು.”

“ತಪ್ಪು ಮಾಡಿದ್ರೆ ಎಷ್ಟು ದಿನ ಅದನ್ನೇ ಎತ್ತಿ ಆಡ್ತಾರೆ ಅಂತಾನೂ ಕೇಳಮ್ಮ,” ಮಗಳು ಸೇರಿಸಿದಳು. “ನಾನು ಸ್ಕೂಟರ್ ಬೀಳಿಸಿದ್ದು ಇನ್ನೂ ಮುಗಿದಿಲ್ಲ ಈ ಮನೇಲಿ.”

“ಎರಡು ಸಲ ಬೀಳಿಸಿದೀಯ,” ಅಂದರು ಅಜ್ಜಿ.

“ನೋಡಿದ್ಯಾ?”

ಮೇಡಂ ಒಲೆ ಆರಿಸಿ, ಬಟಾಣಿ ತಂದಿದ್ದ ಕಾಗದದ ಚೀಲದ ಹಿಂದೆಯೇ ಬರೆಯತೊಡಗಿದರು. ನಿಘಂಟು ಹೊರಗೆ ಮೇಜಿನ ಮೇಲೆ ಉಳಿಯಿತು. ಸುದ್ದಿ ಮುಗಿದು ಗಂಡ ಒಳಗೆ ಇಣುಕಿದಾಗ ಮೂವರು ಹೆಂಗಸರು ತಲೆಗೆ ತಲೆ ಕೊಟ್ಟು ಕೂತಿದ್ದರು, ಒಲೆ ಆರಿತ್ತು.

“ಏನು ನಡೀತಿದೆ ಇಲ್ಲಿ? ಊಟ?”

ಮಗಳು ಅಭ್ಯಾಸದಂತೆ ಅಪ್ಪನ ಮುಖ ನೋಡಿದಳು. ಮೇಡಂ ನೋಡಲಿಲ್ಲ, ಬರೆಯುತ್ತಲೇ ಇದ್ದರು. “ಬಟಾಣಿ ಅರ್ಧ ಉಳಿದಿದೆ ನೋಡಿ. ಅದು ಮುಗಿದ್ರೆ ಊಟ.”

ಗಂಡ ಹೋಗಿ ಟಿವಿ ಆರಿಸಿ ಬಂದರು. ಆಮೇಲೆ ತಾಯಿಯ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸತೊಡಗಿದರು. ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕಿದ್ದಕ್ಕೆ ತಾಯಿಯಿಂದ ಬೈಸಿಕೊಂಡರು. ಆದರೂ ಎದ್ದು ಹೋಗಲಿಲ್ಲ.

ಹೊಸ ಪತ್ರಿಕೆಯಲ್ಲಿ ‘ವಾತಾವರಣ’ ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ‘ಪ್ರಶ್ನೆ ಕೇಳುವ ಮುಂಚೆ ಕಲಿಸುವವರ ಮುಖ ನೋಡಬೇಕಾಗುತ್ತದೆ’ ಎಂದು ಶುರುವಾಗುತ್ತಿತ್ತು. ‘ಒಮ್ಮೆ ಮಾಡಿದ ತಪ್ಪನ್ನು ಮತ್ತೆ ಮತ್ತೆ ಎತ್ತಿ ಆಡುತ್ತಾರೆ.’ ‘ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ.’ ‘ಒರೆಸುವ, ತೊಳೆಯುವ, ಜೋಡಿಸಿಡುವ ಕೆಲಸ ನನ್ನ ಪಾಲಿಗೇ ಬರುತ್ತದೆ.’ ಪ್ರತಿ ವಾಕ್ಯದ ಪಕ್ಕದಲ್ಲಿ ‘ಎಲ್ಲಿ?’ ಎಂದು ಬರೆಯಲು ಒಂದಿಷ್ಟು ಜಾಗ. ಅತ್ತೆ ಹೇಳಿದ ಚಪ್ಪಲಿ ಸದ್ದನ್ನೂ ಸೇರಿಸಬೇಕೆಂದು ಅವರಿಗೆ ಆಸೆಯಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ರಬ್ಬರ್ ಅಡಿಯ ಬೂಟು ಹಾಕುತ್ತಾರಾದ್ದರಿಂದ ಬಿಟ್ಟುಬಿಟ್ಟರು.

ಎರಡನೆಯ ಸಲ ಎಲ್ಲ ವರ್ಷದ ಮಕ್ಕಳಿಗೂ ಹಂಚಿದಾಗ ಹಾಲ್‌ನಲ್ಲಿ ಹೊಸ ಫ್ಯಾನುಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಯಾರ ಪೆನ್ನೂ ಜಿಪ್ಪಿನಂತೆ ಕೆಳಗಿಳಿಯಲಿಲ್ಲ. ಮೊದಲ ವಾಕ್ಯಕ್ಕೇ ಅಲ್ಲಲ್ಲಿ ನಗು ಎದ್ದಿತು, ಆಮೇಲೆ ನಿಂತುಹೋಯಿತು. ಪೆನ್ನು ಹಿಡಿದವರು ಒಬ್ಬೊಬ್ಬರಾಗಿ ತಲೆ ಎತ್ತಿ ಮೇಡಂ ಕಡೆ ನೋಡತೊಡಗಿದರು. ಏನು ನೋಡುತ್ತಿದ್ದಾರೆಂದು ಅವರಿಗೆ ತಟ್ಟನೆ ಹೊಳೆಯಿತು: ಗುರುತು ಹಾಕುವ ಮುಂಚೆ ಮುಖ ನೋಡುತ್ತಿದ್ದಾರೆ. ಅವರು ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಕಾರಿಡಾರಿನ ಕಿಟಕಿಯಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡ ಕಾಣುತ್ತಿತ್ತು. ಅಲ್ಲಿ ಹೆಂಗಸರು ಹಸಿರು ಚಾದರಗಳನ್ನು ತುದಿ ಹಿಡಿದು ಕೊಡವಿ ಮಡಚುತ್ತಿದ್ದರು. ಒಬ್ಬಳು ಮುಂದೆ ಬರುತ್ತಾಳೆ, ಇನ್ನೊಬ್ಬಳು ನಿಂತಿರುತ್ತಾಳೆ, ಚಾದರ ಅರ್ಧವಾಗುತ್ತದೆ. ಒಳಗೆ ಪೆನ್ನುಗಳು ಓಡುವ ಸದ್ದು ಕೇಳುವವರೆಗೆ ಮೇಡಂ ಅದನ್ನೇ ನೋಡುತ್ತ ನಿಂತರು.

ಉತ್ತರಗಳು ಈ ಸಲ ನಡುವಿನಲ್ಲಿ ಇರಲಿಲ್ಲ. ಮುಖ ನೋಡಬೇಕಾದ ಜಾಗಗಳಲ್ಲಿ ಸರ್ಜರಿ ವಾರ್ಡು ಎಲ್ಲಕ್ಕಿಂತ ಮೇಲಿತ್ತು. ಅದು ಯಾರಿಗೂ ಹೊಸ ವಿಷಯವಲ್ಲ. ಹೆಸರು ಹಿಡಿದು ಕರೆಯುವುದರಲ್ಲಿ ಮಕ್ಕಳ ವಾರ್ಡು ಮುಂದಿತ್ತು. ಒರೆಸುವ, ತೊಳೆಯುವ ವಾಕ್ಯಕ್ಕೆ ಬಂದಾಗ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಎಲ್ಲಿ?’ ಎಂಬಲ್ಲಿ ಬೇರೆ ಬೇರೆ ಕೈಬರಹಗಳು ಒಂದೇ ಉತ್ತರ ಬರೆದಿದ್ದವು: ಫಿಸಿಯಾಲಜಿ ಪ್ರಾಕ್ಟಿಕಲ್.

ಅದು ಅವರದೇ ಕೋಣೆ.

ಮರುದಿನ ಕನ್ನಡಕದ ಹುಡುಗಿ ಕಾರಿಡಾರಿನಲ್ಲಿ ಸಿಕ್ಕಳು. “ನೀನು ಏನು ಬರೆದೆ ಅಂತ ನಾನು ಕೇಳ್ತಿಲ್ಲ,” ಅಂದರು ಮೇಡಂ. “ನನ್ನ ಪ್ರಾಕ್ಟಿಕಲ್‌ನಲ್ಲಿ ಒರೆಸೋದು ತೊಳೆಯೋದು ಯಾರು, ಅಷ್ಟು ಹೇಳು.”

ಹುಡುಗಿ ಮುಖ ನೋಡಿದಳು. ಮೇಡಂ ಕಿಟಕಿಯಾಚೆ ನೋಡಿದರು.

“ನೀವೇ ಹೇಳ್ತೀರಲ್ಲ ಮೇಡಂ, ‘ಹುಡುಗೀರು ಯಾರಾದ್ರೂ ಸ್ವಲ್ಪ ಗಾಜಿನ ಸ್ಲೈಡ್ ತೊಳೆದಿಡ್ರಮ್ಮ, ಹುಡುಗರ ಕೈಗೆ ಕೊಟ್ರೆ ಒಡೆದುಹಾಕ್ತಾರೆ’ ಅಂತ.”

“ಹೇಳ್ತೀನಾ?”

“ದಿನಾ ಹೇಳ್ತೀರ. ತೊಳೆಯೋದು ಏನೂ ಕಷ್ಟ ಇಲ್ಲ ಮೇಡಂ. ಆದ್ರೆ ಅದೇ ಹೊತ್ತಿಗೆ ನೀವು ಬೋರ್ಡ್ ಹತ್ರ ಡೌಟ್ ಹೇಳಿಕೊಡ್ತಿರ್ತೀರ. ನಾವು ಸಿಂಕ್ ಹತ್ರ. ನಲ್ಲಿ ಸದ್ದಲ್ಲಿ ಏನೂ ಕೇಳಿಸಲ್ಲ.”

ಮೇಡಂ ಕೋಣೆಗೆ ಬಂದು ಕೂತರು. ನಲ್ಲಿಯ ಸದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ವರ್ಷ ಊಟದ ನಂತರ ಹೊರಗೆ ಗಂಡ, ಮಾವ, ನೆಂಟರು ಮಾತಾಡುತ್ತಿದ್ದಾಗ ಅವರು ಒಳಗೆ ಪಾತ್ರೆ ತೊಳೆಯುತ್ತಿದ್ದರು. ನಗು ಕೇಳಿಸುತ್ತಿತ್ತು, ಯಾವುದಕ್ಕೆ ನಕ್ಕರೆಂದು ಕೇಳಿಸುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಎಲ್ಲರೂ ಎದ್ದಿರುತ್ತಿದ್ದರು. ಅದೇ ನಲ್ಲಿಯನ್ನು ತಾವೇ ಈ ಹುಡುಗಿಯರ ಕೈಗೆ ಕೊಟ್ಟಿದ್ದರು, ಅದೂ ಮೆಚ್ಚಿಗೆಯ ಮಾತಿನಲ್ಲಿ ಸುತ್ತಿ.

ಸಭೆಗೆ ಹೋಗುವಾಗ ಮೆಟ್ಟಿಲಲ್ಲಿ ನಿಂತು ಕಾಗದಗಳನ್ನು ಮತ್ತೊಮ್ಮೆ ತಿರುವಿದರು. ಆ ಒಂದು ವಾಕ್ಯವನ್ನು ಬಿಟ್ಟು ಉಳಿದದ್ದನ್ನು ಹೇಳಬಹುದಿತ್ತು. ಆ ವಾಕ್ಯವನ್ನೂ ಹೇಳಿದರೆ ಸರ್ಜರಿ ಸಾಹೇಬರು ಬಿಡುವವರಲ್ಲ, ಪತ್ರಿಕೆ ಅಲ್ಲಿಗೇ ಮುಗಿಯಬಹುದು. ಬಿಟ್ಟರೆ, ಅದು ಮತ್ತೆ ಯಾರಿಗೂ ಬೇಜಾರಾಗದ ನಡುವಿನ ಗೆರೆ.

“ಮೊದಲು ನನ್ನ ವಿಭಾಗದ್ದೇ ಓದ್ತೀನಿ,” ಎಂದು ಶುರು ಮಾಡಿದರು. ಸಿಂಕು, ನಲ್ಲಿ, ಬೋರ್ಡು ಎಲ್ಲವನ್ನೂ ಹೇಳಿದರು. “ತಪ್ಪು ನನ್ನದು. ಹಳೇ ಪತ್ರಿಕೆ ಇದ್ದಿದ್ರೆ ನನಗೆ ಇದು ರಿಟೈರ್ ಆದ್ರೂ ಗೊತ್ತಾಗ್ತಿರಲಿಲ್ಲ.”

ಆಮೇಲೆ ಉಳಿದದ್ದನ್ನು ಓದಿದರು. ಸರ್ಜರಿ ವಾರ್ಡಿನ ಸರದಿಯೂ ಬಂತು.

“ನನ್ನ ಮುಖಕ್ಕೇನಾಗಿದೆ?” ಸರ್ಜರಿ ಸಾಹೇಬರು ಹುಬ್ಬು ಗಂಟು ಹಾಕಿ ಸುತ್ತಲೂ ನೋಡಿದರು. ಉತ್ತರ ಹೇಳುವ ಮುಂಚೆ ಎಲ್ಲರೂ ಅವರ ಮುಖವನ್ನೇ ನೋಡಿದರು. ಅದು ಅವರಿಗೂ ಗೊತ್ತಾಯಿತೇನೋ, ಹುಬ್ಬನ್ನು ಕಷ್ಟಪಟ್ಟು ಕೆಳಗಿಳಿಸಿದರು.

“ಯಾವಾಗಲೂ ಮಾಸ್ಕ್ ಹಾಕಿರ್ತೀರಲ್ಲ,” ಪ್ರಿನ್ಸಿಪಾಲರು ಮೆಲ್ಲಗೆ ಅಂದರು, “ಆದ್ರೂ ಕಾಣುತ್ತಂತೆ.”

ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಕೊನೆಗೆ ನಕ್ಕವರು ಸರ್ಜರಿ ಸಾಹೇಬರು, ಅರೆಮನಸ್ಸಿನಿಂದ. “ಮುಂದಿನ ವರ್ಷವೂ ಇದರಲ್ಲೇ ಅಳೀರಿ ಮೇಡಂ,” ಅಂದರು. “ಈ ಸಲ ಇಷ್ಟು ಬಂದಿದೆ, ಮುಂದಿನ ಸಲ ಎಷ್ಟು ಬರುತ್ತೆ ನಾನೂ ನೋಡ್ತೀನಿ.” ಸವಾಲೋ ಸೋಲೋ ತಿಳಿಯದ ದನಿ. ಪ್ರಿನ್ಸಿಪಾಲರಿಗೆ ಅಷ್ಟೇ ಸಾಕಾಯಿತು. “ಹಾಗಾದ್ರೆ ಇನ್ನು ಪ್ರತಿ ವರ್ಷವೂ ಇದೇ ಇರಲಿ” ಎಂದು ಚಹಾ ತರಿಸಿದರು. ಚಹಾ ಬಂದಾಗ ಲೋಟಗಳನ್ನು ಹಂಚಲು ಮೇಡಂ ಎದ್ದರು, ಏಳುತ್ತಲೇ ನೆನಪಾಗಿ ಕೂತುಬಿಟ್ಟರು. ತಟ್ಟೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಮಕ್ಕಳ ವಾರ್ಡಿನ ಡಾಕ್ಟರು ಎದ್ದು ಹಂಚಿದರು.

ಈಗ ಅವರ ಪ್ರಾಕ್ಟಿಕಲ್ ಕೋಣೆಯಲ್ಲಿ ಸ್ಲೈಡ್ ತೊಳೆಯುವುದಕ್ಕೆ ಸರದಿ ಇದೆ. ಹುಡುಗರು ತೊಳೆದರೆ ಸ್ಲೈಡಿಗೆ ಹಾಕಿದ ಬಣ್ಣದ ನೇರಳೆ ಕಲೆ ಸಿಂಕಿನಲ್ಲಿ ಹಾಗೇ ಉಳಿಯುತ್ತದೆ, ನೆಲದ ತುಂಬ ನೀರು ಹರಡಿರುತ್ತದೆ, ಆಗಾಗ ಗಾಜು ಒಡೆದ ಸದ್ದು ಕೇಳುತ್ತದೆ. ಒರೆಸುವ ಬಟ್ಟೆಯ ಕಡೆಗೆ ಮೇಡಂ ಕೈ ತಾನಾಗಿ ಹೋಗುತ್ತದೆ. ಅದನ್ನು ಅವರು ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತಾರೆ.

ಸಭೆಯಾದ ವಾರವೇ, ಹುಡುಗರ ಮೊದಲ ಸರದಿಯ ದಿನ, ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ನೋಡುವ ಪಾಠ ಮುಗಿದಿತ್ತು. ಸಿಂಕಿನ ಹತ್ತಿರ ಹುಡುಗರು ಒಬ್ಬರ ಮೇಲೊಬ್ಬರು ನೀರು ಚಿಮ್ಮಿಸುತ್ತಿದ್ದರು. ಕನ್ನಡಕದ ಹುಡುಗಿಗೆ ಮಾಡಲು ಏನೂ ಇರಲಿಲ್ಲ. ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿ ತೆಗೆದು ಮಾಡುತ್ತಿದ್ದಳು. ಆಮೇಲೆ ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು.

“ಮೇಡಂ,” ಅಂದಳು, ಕಣ್ಣು ಅಲ್ಲೇ ಇಟ್ಟುಕೊಂಡು. “ಹರಡಿದ ರಕ್ತದಲ್ಲಿ ದೊಡ್ಡ ಬಿಳಿಕಣಗಳೆಲ್ಲ ಅಂಚಿಗೇ ಹೋಗಿ ಯಾಕೆ ಸೇರ್ಕೊಳ್ತವೆ? ಮೊದಲ ದಿನದಿಂದ ಕೇಳ್ಬೇಕು ಅಂತಿದ್ದೆ.”

ತಲೆ ಎತ್ತಲಿಲ್ಲ. ಅವರ ಮುಖ ಹೇಗಿದೆಯೆಂದು ನೋಡಲೇ ಇಲ್ಲ.

ಮೇಡಂ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತರು. ಸಿಂಕಿನ ಕಡೆ ತಿರುಗಿ, “ಆ ನಲ್ಲಿ ಒಂದು ಸ್ವಲ್ಪ ನಿಲ್ಲಿಸ್ರಪ್ಪ,” ಎಂದು ಕೂಗಿದರು. “ಇಲ್ಲೊಂದು ಒಳ್ಳೆ ಪ್ರಶ್ನೆ ಬಂದಿದೆ.”